ಒಂದು ತುತ್ತು ಕಡಿಮೆ, ಒಬ್ಬರಿಗೆ ಮಾತ್ರ ಗೊತ್ತು

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಹುಂಚಕ್ಕೆ ದಿಗಂಬರ ಮುನಿಗಳು ಬಂದಿರುವ ದಿನಗಳಲ್ಲಿ ಬೆಳಗಿನ ಹೊತ್ತು ನೋಡುವಂತಿರುತ್ತದೆ. ಆಹಾರ ಕೊಡಲು ಸಿದ್ಧರಾದ ಶ್ರಾವಕರು ಶುಚಿಯಾದ ಬಟ್ಟೆ ಉಟ್ಟು ದಾರಿಯ ಬದಿಯಲ್ಲಿ ಕಾದು ನಿಂತಿರುತ್ತಾರೆ. ಒಬ್ಬರ ಕೈಯಲ್ಲಿ ಕಳಶ, ಇನ್ನೊಬ್ಬರ ಕೈಯಲ್ಲಿ ತೆಂಗಿನಕಾಯಿ, ಮತ್ತೊಬ್ಬರ ಕೈಯಲ್ಲಿ ಹಣ್ಣು. ಮುನಿಗಳು ಮಾತಿಲ್ಲದೆ ನಡೆದು ಬರುತ್ತಾರೆ. ಅವರದು ದಿನಕ್ಕೆ ಒಂದೇ ಊಟ. ಅದೂ ನಿಂತುಕೊಂಡು, ಬೊಗಸೆಯಲ್ಲಿ.

ಹೊರಡುವ ಮೊದಲೇ ಅವರು ಮನಸ್ಸಿನಲ್ಲಿ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಇಂಥ ವಸ್ತು ಹಿಡಿದವರು ಎದುರಾದರೆ ಮಾತ್ರ ಆಹಾರ, ಇಷ್ಟು ಮನೆ ದಾಟುವುದರೊಳಗೆ ಸಿಕ್ಕಿದರೆ ಮಾತ್ರ ಆಹಾರ ಎಂಬಂಥ ನಿಯಮ. ಅದೇನೆಂದು ಕಾದು ನಿಂತ ಯಾರಿಗೂ ತಿಳಿಯದು. ನಿಯಮ ಕೂಡಿಬರದಿದ್ದರೆ ಅವರು ಹಾಗೆಯೇ ಹಿಂದಿರುಗುತ್ತಾರೆ. ಮುಖದಲ್ಲಿ ಬೇಸರವಿಲ್ಲ, ಯಾರ ಮೇಲೂ ದೂರಿಲ್ಲ. ಜೈನ ಶಾಸ್ತ್ರದಲ್ಲಿ ಇದಕ್ಕೆ ವೃತ್ತಿಪರಿಸಂಖ್ಯಾನ ಎಂದು ಹೆಸರು.

ಊಟದ ವಿಷಯದಲ್ಲಿ ಇಂಥದೇ ಗುಟ್ಟೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಾಡುವವರು ಇನ್ನೂ ಅನೇಕರಿದ್ದಾರೆ. ಆದರೆ ಅವರು ಮುನಿಗಳಲ್ಲ. ಬೆಳಿಗ್ಗೆ ರಿಪ್ಪನ್‌ಪೇಟೆಗೋ ತೀರ್ಥಹಳ್ಳಿಗೋ ಬಸ್ಸು ಹಿಡಿಯುವ ಕಾಲೇಜು ಹುಡುಗ ಹುಡುಗಿಯರು, ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿರುವ ಮಕ್ಕಳು. ಮೈ ಇಳಿಸಬೇಕು, ಆದರೆ ಯಾರಿಗೂ ಗೊತ್ತಾಗಬಾರದು ಎಂಬುದು ಅವರ ಸಂಕಲ್ಪ.

ಯಾಕೆ ಗೊತ್ತಾಗಬಾರದು? ಕಾರಣ ಹುಡುಕಬೇಕಾಗಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಹುಡುಗಿಯೊಬ್ಬಳು ‘ಹೋಳಿಗೆ ಬೇಡ’ ಎಂದರೆ ಸಾಕು. ‘ಏನೇ, ಸಣ್ಣ ಆಗೋಕೆ ಹೊರಟಿದ್ದೀಯಾ?’ ಎಂದು ದೊಡ್ಡಮ್ಮ ಕೇಳುತ್ತಾರೆ. ನಾಲ್ಕು ಜನ ತಿರುಗಿ ನೋಡುತ್ತಾರೆ. ಹಾಕಿಸಿಕೊಂಡರೆ ‘ಸ್ವಲ್ಪ ಕಡಿಮೆ ತಿನ್ನಬಾರದೇನೇ’ ಎನ್ನುವವರೂ ಅವರೇ. ಹುಡುಗರ ಪಾಡು ಇದಕ್ಕಿಂತ ಮೇಲಲ್ಲ. ತರಗತಿಯಲ್ಲಿ ಒಮ್ಮೆ ‘ಡುಮ್ಮ’ ಎಂದು ಹೆಸರಿಟ್ಟರೆ ಅದು ಹಾಜರಿ ಪುಸ್ತಕದ ಹೆಸರಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಸದ್ದಿಲ್ಲದೆ ಇಳಿಸಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಸದ್ದಿಲ್ಲದೆ ಮಾಡುವುದು ಒಂದು, ಕದ್ದು ಮಾಡುವುದು ಇನ್ನೊಂದು. ಇವೆರಡರ ನಡುವಿನ ಗೆರೆಯನ್ನು ಹುಂಚದಂಥ ಊರು ಶತಮಾನಗಳಿಂದ ಬಲ್ಲದು.

ಉಪವಾಸದ ಊರು, ಅನ್ನದಾನದ ಊರು

ಹುಂಚಕ್ಕೆ ಹೊಂಬುಜ ಎಂಬ ಹೆಸರೂ ಉಂಟು. ಶಾಸನಗಳಲ್ಲಿ ಅದು ಪೊಂಬುರ್ಚ. ಸಾಂತರ ಅರಸರು ಆಳಿದ ರಾಜಧಾನಿ ಇದು. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇಂದಿಗೂ ನಿಂತಿದೆ. ಪದ್ಮಾವತಿ ಅಮ್ಮನವರ ದರ್ಶನಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಬಿಲ್ಲೇಶ್ವರದ ಬಳಿ ಕುಮುದ್ವತಿ ನದಿ ಹುಟ್ಟುತ್ತದೆ. ಇಲ್ಲಿನ ಜೈನ ಮಠದ ಪೀಠಾಧಿಪತಿಗಳನ್ನು ದೇವೇಂದ್ರಕೀರ್ತಿ ಎಂಬ ಹೆಸರಿನಿಂದ ಕರೆಯುವುದು ರೂಢಿ.

ಜೈನರೆಂದರೆ ಉಪವಾಸ ಎಂದು ಹೊರಗಿನವರು ಥಟ್ಟನೆ ಹೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನವೂ ಒಂದು. ಉಣ್ಣುವುದಕ್ಕೂ ಬಿಡುವುದಕ್ಕೂ ಅಲ್ಲಿ ಸಮನಾದ ಗೌರವವಿದೆ.

ತತ್ತ್ವಾರ್ಥಸೂತ್ರದಲ್ಲಿ ಬಾಹ್ಯ ತಪಸ್ಸು ಆರು ಎಂದು ಎಣಿಸಿದೆ. ಅವುಗಳಲ್ಲಿ ನಾಲ್ಕು ಊಟಕ್ಕೆ ಸಂಬಂಧಿಸಿದವು. ಅನಶನ ಎಂದರೆ ಪೂರ್ಣ ಉಪವಾಸ. ಅವಮೌದರ್ಯ ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಮೂರನೆಯದು ಆಗಲೇ ಹೇಳಿದ ವೃತ್ತಿಪರಿಸಂಖ್ಯಾನ. ನಾಲ್ಕನೆಯದು ರಸಪರಿತ್ಯಾಗ. ಇವು ಯಾವುವೂ ಮೈ ತೆಳ್ಳಗಾಗಲಿ ಎಂದು ಮಾಡುವ ಸಾಧನೆಗಳಲ್ಲ, ಆಸೆಯನ್ನು ಗೆಲ್ಲಲು ಮಾಡುವಂಥವು. ಅದನ್ನು ಮರೆತು ವ್ರತವನ್ನು ಸೌಂದರ್ಯ ಸಾಧನವೆಂದು ತಿಳಿದರೆ ವ್ರತಕ್ಕೂ ಅವಮಾನ, ದೇಹಕ್ಕೂ ಅಪಾಯ. ಆದರೆ ಯಾರ ಗಮನಕ್ಕೂ ಬಾರದಂತೆ, ಯಾರ ಮನಸ್ಸನ್ನೂ ನೋಯಿಸದಂತೆ ಊಟವನ್ನು ಹದಕ್ಕೆ ತರುವ ಕಲೆ ಅದರಲ್ಲಿದೆ. ಜಾತಿ ಮತ ನೋಡದೆ ಯಾವ ವಿದ್ಯಾರ್ಥಿಯಾದರೂ ಅದನ್ನು ಕಲಿಯಬಹುದು.

ಮೊದಲ ಪ್ರಶ್ನೆ: ಇಳಿಸಬೇಕೇ?

ಕಲಿಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಿಜಕ್ಕೂ ತೂಕ ಇಳಿಸಬೇಕಾಗಿದೆಯೇ? ಹದಿಮೂರು ಹದಿನಾಲ್ಕರ ಹುಡುಗಿಯ ಸೊಂಟ, ತೊಡೆ ತುಂಬಿಕೊಳ್ಳುವುದು ಪ್ರಕೃತಿಯ ಕೆಲಸವೇ ಹೊರತು ರೋಗವಲ್ಲ. ಹುಡುಗರಲ್ಲಿ ಕೆಲವರು ಮೊದಲು ಅಗಲವಾಗಿ ಆಮೇಲೆ ಉದ್ದವಾಗುತ್ತಾರೆ. ಸಿನಿಮಾ ನಟಿಯ ಚಿತ್ರವನ್ನೋ ಮೊಬೈಲಿನ ಪರದೆಯನ್ನೋ ಅಳತೆಗೋಲು ಮಾಡಿಕೊಂಡರೆ ಸರಿಯಿರುವ ಮೈಯೂ ದಪ್ಪವಾಗಿಯೇ ಕಾಣುತ್ತದೆ.

ಮನೆಯಲ್ಲೇ, ಯಾರಿಗೂ ಕಾಣದಂತೆ ನೋಡಿಕೊಳ್ಳಲು ಒಂದು ಸುಲಭ ಅಳತೆ ಇದೆ. ತನ್ನ ಎತ್ತರದಷ್ಟು ಉದ್ದದ ದಾರ ತೆಗೆದುಕೊಂಡು ಎರಡಾಗಿ ಮಡಿಸಬೇಕು. ಆ ಅರ್ಧ ದಾರ ಸೊಂಟವನ್ನು ಸುತ್ತಿ ಬಂದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಸಾಲದೆ ಹೋದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಬೆಳೆಯುವ ಮಕ್ಕಳ ತೂಕವನ್ನು ದೊಡ್ಡವರ ಪಟ್ಟಿಯಿಂದ ಅಳೆಯಬಾರದು. ಐದರಿಂದ ಹದಿನೆಂಟು ವರ್ಷದ ಭಾರತೀಯ ಮಕ್ಕಳಿಗಾಗಿಯೇ ಭಾರತೀಯ ಮಕ್ಕಳ ತಜ್ಞರ ಸಂಘವು 2015ರಲ್ಲಿ ಬೆಳವಣಿಗೆಯ ಪಟ್ಟಿಗಳನ್ನು ಪ್ರಕಟಿಸಿದೆ. ವಯಸ್ಸು, ಎತ್ತರ, ತೂಕ ಮೂರನ್ನೂ ಅದರಲ್ಲಿಟ್ಟು ನೋಡಿ ವೈದ್ಯರು ಹೇಳಬಲ್ಲರು. ಎಷ್ಟೋ ಮಕ್ಕಳಿಗೆ ತೂಕ ಇಳಿಸಬೇಕಾಗಿಯೇ ಇರುವುದಿಲ್ಲ. ಏರದಂತೆ ಹಿಡಿದಿಟ್ಟರೆ ಸಾಕು, ಎತ್ತರ ಬೆಳೆದಂತೆ ಮೈ ತಾನಾಗಿ ಹದಕ್ಕೆ ಬರುತ್ತದೆ.

ಹಾಗೆಂದು ಇದು ಬರೀ ಹದಿಹರೆಯದವರ ಭ್ರಮೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ 5ರಿಂದ 19 ವರ್ಷದ ಮಕ್ಕಳಲ್ಲಿ 39 ಕೋಟಿಗೂ ಹೆಚ್ಚು ಮಂದಿಗೆ ಮಿತಿ ಮೀರಿದ ತೂಕವಿತ್ತು. ಅವರಲ್ಲಿ 16 ಕೋಟಿ ಮಕ್ಕಳದು ಬೊಜ್ಜು.

ಮೂವತ್ತೆರಡು ತುತ್ತಿನ ಲೆಕ್ಕ

ಅವಮೌದರ್ಯವನ್ನು ವಿವರಿಸುವಾಗ ಹಳೆಯ ಜೈನ ಗ್ರಂಥಗಳು ಒಂದು ಲೆಕ್ಕ ಕೊಡುತ್ತವೆ. ಗಂಡಸಿನ ತುಂಬು ಊಟ 32 ತುತ್ತು, ಹೆಂಗಸಿನದು 28. ಅದರಲ್ಲಿ ಒಂದು ತುತ್ತು ಬಿಟ್ಟರೂ ಅದು ತಪಸ್ಸೇ. ಪಕ್ಕದಲ್ಲಿ ಕುಳಿತು ಉಣ್ಣುವವರಿಗೂ ತಿಳಿಯದ ತಪಸ್ಸು ಇದು. ಉಪವಾಸ ಮಾಡಿದವನ ಎಲೆ ಖಾಲಿ ಎಂದು ಎಲ್ಲರಿಗೂ ಕಾಣುತ್ತದೆ. ಒಂದು ತುತ್ತು ಕಡಿಮೆ ಉಂಡವನ ಎಲೆ ಯಾರಿಗೆ ಕಾಣುತ್ತದೆ?

ಇದನ್ನೇ ಇಂದಿನ ಲೆಕ್ಕಕ್ಕೆ ತಿರುಗಿಸಿದರೆ ಹೀಗಾಗುತ್ತದೆ. ಒಂದು ತುತ್ತು ಅನ್ನ 20 ಗ್ರಾಂ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು 25 ಕ್ಯಾಲೊರಿ. ಮಧ್ಯಾಹ್ನ ನಾಲ್ಕು ತುತ್ತು, ರಾತ್ರಿ ನಾಲ್ಕು ತುತ್ತು ಬಿಟ್ಟರೆ ದಿನಕ್ಕೆ 200 ಕ್ಯಾಲೊರಿ, ತಿಂಗಳಿಗೆ 6,000. ಮೈಯ ಒಂದು ಕಿಲೋ ಕೊಬ್ಬು ಸುಮಾರು 7,700 ಕ್ಯಾಲೊರಿಗೆ ಸಮ. ಕಾಗದದ ಮೇಲಿನ ಈ ಲೆಕ್ಕಕ್ಕಿಂತ ದೇಹ ನಿಧಾನವಾಗಿಯೇ ನಡೆಯುತ್ತದೆ, ನಿಜ. ಆದರೆ ನಿಧಾನವಾಗಿ ಇಳಿದದ್ದನ್ನು ಯಾರೂ ಗಮನಿಸುವುದಿಲ್ಲ. ಸದ್ದಿಲ್ಲದೆ ಇಳಿಸಬೇಕೆನ್ನುವವರಿಗೆ ಇದಕ್ಕಿಂತ ಬೇರೆ ಏನು ಬೇಕು? ಹದಿನೈದು ದಿನದಲ್ಲಿ ಐದು ಕಿಲೋ ಇಳಿಸುತ್ತೇವೆ ಎನ್ನುವ ಪುಡಿಗಳೂ ಮಾತ್ರೆಗಳೂ ಮಾಡುವುದು ಇದಕ್ಕೆ ತದ್ವಿರುದ್ಧ. ಅವು ಊರಿಗೆಲ್ಲ ಕಾಣುವಂತೆ ಮುಖ ಬಾಡಿಸುತ್ತವೆ, ಬಿಟ್ಟ ಕೂಡಲೇ ಕಳೆದ ತೂಕ ಬಡ್ಡಿ ಸಮೇತ ಮರಳುತ್ತದೆ.

ಬಿಡುವುದು ಅನ್ನದ ತುತ್ತೇ ಇರಲಿ. ಪಲ್ಯ, ಕಾಳಿನ ಹುಳಿ, ಸೊಪ್ಪಿನ ತಂಬುಳಿ, ಮಜ್ಜಿಗೆ ಇವನ್ನು ಕಡಿಮೆ ಮಾಡಬಾರದು. ಬೆಳೆಯುವ ಮೈಗೆ ಬೇಳೆಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು ಬೇಕೇ ಬೇಕು.

ಪಂಕ್ತಿಯಲ್ಲಿ ಕುಳಿತಾಗ ಬಳಸಬಹುದಾದ ಒಂದು ಉಪಾಯ ಮಲೆನಾಡಿನವರಿಗೆ ಹೊಸದೇನಲ್ಲ. ಎಲೆ ಬರಿದಾಗಿರುವವರಿಗೇ ಬಡಿಸುವವರ ಬಲವಂತ ಹೆಚ್ಚು. ನಿಧಾನವಾಗಿ ಅಗಿದು ಉಣ್ಣುವವರ ಎಲೆಯಲ್ಲಿ ಯಾವಾಗಲೂ ಏನಾದರೂ ಇದ್ದೇ ಇರುತ್ತದೆ. ಸೌಟು ಮುಂದಕ್ಕೆ ಹೋಗುತ್ತದೆ. ಮನೆಯಲ್ಲಿ ಅಮ್ಮ ‘ಇನ್ನೊಂಚೂರು ಅನ್ನ ಹಾಕ್ಲಾ?’ ಎಂದರೆ ‘ಬೇಡ’ ಎನ್ನುವುದಕ್ಕಿಂತ ‘ಮಜ್ಜಿಗೆಗೆ ಹಾಕಿಸ್ಕೋತೀನಮ್ಮ’ ಎಂದರೆ ಅವರಿಗೂ ಸಮಾಧಾನ. ಮಜ್ಜಿಗೆಯ ಹೊತ್ತಿಗೆ ಹೊಟ್ಟೆಯೂ ‘ಸಾಕು’ ಎನ್ನುತ್ತಿರುತ್ತದೆ.

ಆರು ರಸಗಳಲ್ಲಿ ಒಂದು

ರಸಪರಿತ್ಯಾಗದ ಕ್ರಮವೂ ಹೀಗೆಯೇ ಸರಳ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರರಲ್ಲಿ ಒಂದನ್ನೋ ಹೆಚ್ಚನ್ನೋ ನಿಯಮದಂತೆ ಬಿಡುವುದು. ವಿದ್ಯಾರ್ಥಿಗಳು ಆರಿಸಿಕೊಳ್ಳಬೇಕಾದದ್ದು ಹಾಲು ಮೊಸರನ್ನಲ್ಲ, ಸಿಹಿಯನ್ನು. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವ ಹುಡುಗ ಲೋಟಕ್ಕೆ ಎರಡು ಚಮಚದಂತೆ ಎಂಟು ಚಮಚ ಸಕ್ಕರೆ ತಿನ್ನುತ್ತಾನೆ. ಅದು 40 ಗ್ರಾಂ, ಅಂದರೆ 160 ಕ್ಯಾಲೊರಿ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ತೂಕದ ಮಟ್ಟಿಗೆ ಬೆಲ್ಲವೂ ಸಕ್ಕರೆಯೂ ಅಣ್ಣತಮ್ಮಂದಿರೇ. ಬಾಟಲಿಯ ತಂಪು ಪಾನೀಯ, ಬೇಕರಿಯ ತಿಂಡಿ, ಚಿಪ್ಸ್ ಪೊಟ್ಟಣ ಇವನ್ನು ಬಿಟ್ಟರೆ ಯಾರೂ ‘ಯಾಕೆ’ ಎಂದು ಕೇಳುವುದಿಲ್ಲ. ‘ದುಡ್ಡು ಉಳಿಸ್ತಿದ್ದೀನಿ’ ಎಂದರೆ ಅದು ಸುಳ್ಳೂ ಅಲ್ಲ.

ಇನ್ನು ಸೂರ್ಯಾಸ್ತಕ್ಕೆ ಮುಂಚೆ ಊಟ. ವ್ರತವನ್ನು ಕಟ್ಟುನಿಟ್ಟಾಗಿ ನಡೆಸುವ ಜೈನ ಮನೆಗಳಲ್ಲಿ ಕತ್ತಲಾದ ಮೇಲೆ ಒಲೆ ಹೊತ್ತಿಸುವುದಿಲ್ಲ. ಅಹಿಂಸೆ ಅದರ ಮೂಲ ಕಾರಣ. ವಿಜ್ಞಾನವೂ ಈ ಕಡೆ ಕಣ್ಣು ಹಾಯಿಸಿದೆ. ಅಮೆರಿಕದ ಬಾಸ್ಟನ್ ನಗರದ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕರು ತೂಕ ಹೆಚ್ಚಿದ್ದ 16 ವಯಸ್ಕರ ಮೇಲೆ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅದೇ ಊಟವನ್ನು ನಾಲ್ಕು ಗಂಟೆ ತಡವಾಗಿ ಉಂಡಾಗ ಅವರಿಗೆ ಹಸಿವು ಹೆಚ್ಚಾಯಿತು, ದೇಹ ಶಕ್ತಿಯನ್ನು ವ್ಯಯಿಸುವುದು ಕಡಿಮೆಯಾಯಿತು. ಅಧ್ಯಯನ ಚಿಕ್ಕದು, ಮಕ್ಕಳ ಮೇಲೆ ನಡೆದದ್ದೂ ಅಲ್ಲ. ಆದರೆ ರಾತ್ರಿ ಹತ್ತಕ್ಕೆ ಉಂಡು, ಪರೀಕ್ಷೆಗೆ ಓದುವ ನೆಪದಲ್ಲಿ ಹನ್ನೆರಡಕ್ಕೆ ಮಿಕ್ಸ್ಚರ್ ಡಬ್ಬಿ ತೆರೆಯುವ ಅಭ್ಯಾಸ ಒಳ್ಳೆಯದಲ್ಲ ಎಂದು ತಿಳಿಯಲು ಇಷ್ಟು ಸಾಕು. ಏಳು, ಏಳೂವರೆಗೆ ಮನೆಯವರೆಲ್ಲ ಒಟ್ಟಿಗೆ ಉಣ್ಣುವ ರೂಢಿ ಮಾಡಿದರೆ ಒಬ್ಬರ ಪಥ್ಯ ಎಲ್ಲರ ಪದ್ಧತಿಯಾಗುತ್ತದೆ. ಆಗ ಬಚ್ಚಿಡಬೇಕಾದದ್ದೇ ಉಳಿಯುವುದಿಲ್ಲ.

ನಡಿಗೆಯೂ ಅಷ್ಟೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದಕ್ಕೆ ಜಿಮ್ಮಿನ ಚಂದಾ ಬೇಕಿಲ್ಲ. ಒಂದು ಸ್ಟಾಪು ಮೊದಲೇ ಇಳಿದು ನಡೆದವನನ್ನು ಯಾರೂ ‘ವ್ಯಾಯಾಮವೇ?’ ಎಂದು ಕೇಳುವುದಿಲ್ಲ. ಬಾವಿಯಿಂದ ನೀರು ಸೇದಿದರೆ, ಅಡಿಕೆ ತೋಟಕ್ಕೆ ಇಳಿದು ಹತ್ತಿದರೆ, ಸಂಜೆ ಕಬಡ್ಡಿ, ವಾಲಿಬಾಲ್ ಆಡಿದರೆ ಮನೆಯವರು ಹೊಗಳಿಯಾರು.

ಗುಟ್ಟು ರೋಗವಾಗುವುದು ಯಾವಾಗ?

ಇಲ್ಲಿಯವರೆಗೆ ಹೇಳಿದ್ದು ಸದ್ದಿಲ್ಲದ ದಾರಿ. ಕದ್ದ ದಾರಿ ಬೇರೆ. ಬೆಳಗಿನ ತಿಂಡಿಯನ್ನು ಡಬ್ಬಿಯಲ್ಲಿ ಒಯ್ದು ದಾರಿಯಲ್ಲಿ ನಾಯಿಗೆ ಹಾಕುವುದು. ಮನೆಯಲ್ಲಿ ‘ಹಾಸ್ಟೆಲ್ಲಿನಲ್ಲಿ ತಿಂದೆ’, ಹಾಸ್ಟೆಲ್ಲಿನಲ್ಲಿ ‘ಮನೆಯಲ್ಲಿ ತಿಂದೆ’ ಎನ್ನುವುದು. ಉಂಡದ್ದನ್ನು ಬಚ್ಚಲಿಗೆ ಹೋಗಿ ವಾಂತಿ ಮಾಡುವುದು. ಭೇದಿ ಮಾತ್ರೆ ನುಂಗುವುದು. ಇವೆಲ್ಲ ದೂರದ ದೇಶದ ಕಥೆಗಳಲ್ಲ.

ಹೊಟ್ಟೆ ಕಟ್ಟಿದರೆ ಮನಸ್ಸಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಯೋಗವೇ ಸಾಕ್ಷಿ. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತರಾದ 36 ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಎಲ್ಲರೂ ತಾವಾಗಿ ಮುಂದೆ ಬಂದವರೇ. ಅವರ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಆದರೆ ತೂಕದ ಜೊತೆಗೆ ಬೇರೆಯದೂ ಇಳಿಯಿತು. ಓದಿನಲ್ಲಿ ಮನಸ್ಸು ನಿಲ್ಲದಾಯಿತು. ಸಣ್ಣ ಮಾತಿಗೂ ಸಿಡುಕು ಬಂತು. ಹಗಲೂ ರಾತ್ರಿ ಅನ್ನದ್ದೇ ಧ್ಯಾನವಾಗಿ, ಕೆಲವರು ಅಡುಗೆ ಪುಸ್ತಕ ಓದುತ್ತ ಕೂರತೊಡಗಿದರು. ಪರೀಕ್ಷೆಯ ವರ್ಷದಲ್ಲಿ ಊಟ ಬಿಡುವ ವಿದ್ಯಾರ್ಥಿ ಇದೇ ಪ್ರಯೋಗವನ್ನು ತನ್ನ ಮೇಲೆ, ವೈದ್ಯರಿಲ್ಲದೆ ಮಾಡಿಕೊಳ್ಳುತ್ತಾನೆ.

ಹಾಗಾದರೆ ಗೆರೆ ಎಲ್ಲಿದೆ? ಇದಕ್ಕೆ ಉತ್ತರವೂ ಆ ಮುನಿಗಳ ದಾರಿಯಲ್ಲೇ ಇದೆ. ಮುನಿಗಳ ನಿಯಮ ದಾರಿಯಲ್ಲಿ ನಿಂತವರಿಗೆ ಗೊತ್ತಿಲ್ಲ, ನಿಜ. ಆದರೆ ಅವರು ಒಂಟಿಯಲ್ಲ. ಅವರಿಗೆ ಸಂಘವಿದೆ, ಗುರುವಿದ್ದಾರೆ. ಅಂತರಂಗ ತಪಸ್ಸಿನಲ್ಲಿ ಮೊದಲನೆಯದು ಪ್ರಾಯಶ್ಚಿತ್ತ, ಅದರ ಮೊದಲ ಮೆಟ್ಟಿಲು ಆಲೋಚನೆ. ಇಲ್ಲಿ ಆ ಶಬ್ದಕ್ಕೆ ಯೋಚನೆ ಎಂಬ ಅರ್ಥವಲ್ಲ. ತನ್ನಲ್ಲಿ ನಡೆದದ್ದನ್ನು ಗುರುವಿನೆದುರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ಎಂದರ್ಥ. ಗೃಹಸ್ಥರೂ ಸಾಮಾನ್ಯವಾಗಿ ವ್ರತವನ್ನು ಗುರುಗಳ ಮುಂದೆಯೇ ಸ್ವೀಕರಿಸುತ್ತಾರೆ. ಲೋಕಕ್ಕೆ ಸಾರುವುದೂ ಇಲ್ಲ, ಎಲ್ಲರಿಂದಲೂ ಮುಚ್ಚಿಡುವುದೂ ಇಲ್ಲ.

ವಿದ್ಯಾರ್ಥಿಗಳಿಗೂ ಇದೇ ನಿಯಮ ಸಾಕು. ಊರಿಗೆ ಹೇಳಬೇಡಿ, ಒಬ್ಬರಿಗೆ ಹೇಳಿ. ಅದು ಅಮ್ಮ ಆಗಬಹುದು, ಅಕ್ಕ ಆಗಬಹುದು, ನಂಬಿಕೆಯ ಮೇಷ್ಟ್ರು ಆಗಬಹುದು, ಆರೋಗ್ಯ ಕೇಂದ್ರದ ವೈದ್ಯರು ಆಗಬಹುದು. ‘ಹೀಗೆ ಮಾಡುತ್ತಿದ್ದೇನೆ’ ಎಂದು ಆ ಒಬ್ಬರಿಗೆ ಹೇಳಲು ಸಾಧ್ಯವಾದರೆ ಮಾಡುತ್ತಿರುವುದು ಬಹುಮಟ್ಟಿಗೆ ಸರಿ. ಯಾರಿಗೂ ಹೇಳಲಾರೆ ಎನಿಸಿದರೆ ಅಲ್ಲಿ ಏನೋ ತಪ್ಪಿದೆ ಎಂದು ತಿಳಿಯಬೇಕು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಹೆಸರು ಹೇಳದೆ ಮಾತನಾಡಬೇಕೆನ್ನುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕರೆಗೆ ಹಣವಿಲ್ಲ.

ಹೆತ್ತವರಿಗೆ ಎರಡು ಮಾತು

ಮಕ್ಕಳು ಬಾಯಿ ಬಿಡದಿದ್ದರೂ ಕೆಲವು ಗುರುತುಗಳು ಮಾತನಾಡುತ್ತವೆ. ಎಲ್ಲರೊಡನೆ ಊಟಕ್ಕೆ ಕೂರದೆ ನೆಪ ಹೇಳುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ಸೆಖೆಯಲ್ಲೂ ಸಡಿಲವಾದ ದಪ್ಪ ಬಟ್ಟೆ ತೊಡುವುದು, ಕೂದಲು ಉದುರುವುದು, ತಲೆಸುತ್ತು, ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು, ದಿನಕ್ಕೆ ನಾಲ್ಕು ಸಲ ತೂಕ ನೋಡಿಕೊಳ್ಳುವುದು. ಇವು ಕಂಡರೆ ಗದರಿಸಬಾರದು, ತಡವೂ ಮಾಡಬಾರದು. ವೈದ್ಯರ ಬಳಿ ಕರೆದೊಯ್ಯಬೇಕು.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ನಮ್ಮ ಮನೆಗಳಿಗೂ ಹೇಳಿ ಮಾಡಿಸಿದಂತಿದೆ. ಮಕ್ಕಳ ಮುಂದೆ ತೂಕದ ಮಾತು ಬೇಡ, ಮಕ್ಕಳ ತೂಕದ್ದೂ ಬೇಡ, ತಮ್ಮ ತೂಕದ್ದೂ ಬೇಡ. ಊಟ ಬಿಡುವುದನ್ನು, ಡಯಟ್ ಮಾತ್ರೆಗಳನ್ನು ಪ್ರೋತ್ಸಾಹಿಸಬೇಡಿ. ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವುದನ್ನು ಹೆಚ್ಚು ಮಾಡಿ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವು ಎರಡು ಬೇರೆ ಬೇರೆ ಉಪದೇಶಗಳೆಂದು ತಿಳಿದಿದ್ದೇವೆ. ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಅದು ಒಂದೇ ಉಪದೇಶ. ಊಟದ ಹೊತ್ತಿನಲ್ಲಿ ಮಾತು ಬಲ್ಲವರಿದ್ದರೆ ಮಕ್ಕಳೂ ಊಟ ಬಲ್ಲವರಾಗುತ್ತಾರೆ. ದಪ್ಪಗಿದ್ದಾಗ ‘ದಪ್ಪಗಿದ್ದೀಯ’ ಎನ್ನಬೇಕಾಗಿಲ್ಲ, ಅದು ಅವರಿಗೆ ಗೊತ್ತಿದೆ. ಇಳಿದಾಗ ‘ಎಷ್ಟು ಚೆಂದ ಆಗಿದ್ದೀಯ’ ಎನ್ನಬೇಕಾಗಿಯೂ ಇಲ್ಲ. ಮೊದಲು ಚೆಂದವಿರಲಿಲ್ಲವೇ ಎಂಬ ಪ್ರಶ್ನೆ ಆ ಹೊಗಳಿಕೆಯಲ್ಲೇ ಅಡಗಿರುತ್ತದೆ. ಮಗಳು ಅನ್ನ ಕಡಿಮೆ ಹಾಕಿಸಿಕೊಂಡದ್ದು ಕಂಡರೆ ಮರುದಿನ ಪಲ್ಯವನ್ನು ಒಂದು ಸೌಟು ಹೆಚ್ಚು ಬಡಿಸಿದರೆ ಆಯಿತು. ತಾಯಿಗೆ ತಿಳಿದಿದೆ ಎಂದು ಮಗಳಿಗೆ ತಿಳಿಯುತ್ತದೆ. ಎರಡು ಕಡೆಯೂ ಮಾತು ಬೇಕಾಗುವುದಿಲ್ಲ.

ಹುಂಚದ ದಾರಿಯಲ್ಲಿ ಕಳಶ ಹಿಡಿದು ನಿಂತವರು ಮಾಡುವುದೂ ಅದನ್ನೇ. ಮುನಿಗಳ ಮನಸ್ಸಿನಲ್ಲೇನಿದೆ ಎಂದು ಅವರು ಕೆದಕುವುದಿಲ್ಲ. ಇವತ್ತು ಯಾಕೆ ಉಣ್ಣಲಿಲ್ಲ ಎಂದು ಜಗಳಕ್ಕೆ ನಿಲ್ಲುವುದಿಲ್ಲ. ಶುಚಿಯಾಗಿ ಅಡುಗೆ ಮಾಡಿಟ್ಟು, ಬಾಗಿಲು ತೆರೆದಿಟ್ಟು, ಮರುದಿನವೂ ಬಂದು ಅದೇ ಜಾಗದಲ್ಲಿ ನಿಲ್ಲುತ್ತಾರೆ.